ನನ್ನವಳು ಸಿನಿಮಾದಲ್ಲಿ ಮಾತಾಡಿದ್ದು

ನಟಿಯನ್ನ ಕಟ್ಟಿಕೊಂಡವನಿಗೆ ನಗೋ ಪ್ರಸಂಗಗಳಿಗೆ ಬರ ಇಲ್ಲ. ಅವಳು ಇದ್ದಾಗಲೂ ಆದವು. ಹೋದ ಮೇಲೂ ಆದವು.

ನಾನು ಓದಿದ್ದು ಐದನೇ ಕ್ಲಾಸು. ಗಾಂಧಿನಗರದ ಒಂದು ಸಿನಿಮಾ ಕಂಪನಿಗೆ ವ್ಯಾನ್ ಓಡಿಸ್ತಿದ್ದೆ. ಅವಳು ಗದಗದ ಕಡೆಯವಳು. ಹೀರೋಗೆ ತಂಗಿಯಾಗಿ ಬಂದು ಇಂಟರ್ವಲ್ಲಿಗೆ ಮುಂಚೆ ಸಾಯೋಳು. ದನಿ ಒರಟು, ಮಾತು ಆ ಕಡೇದು ಅಂತ ಯಾವ ಸಿನಿಮಾದಲ್ಲೂ ಅವಳ ದನಿ ಇಡಲಿಲ್ಲ. ಬೇರೆ ಹೆಂಗಸು ಡಬ್ಬಿಂಗ್ ಮಾಡೋಳು. ಒಂದೇ ಒಂದು ಸಿನಿಮಾದಲ್ಲಿ ತನ್ನ ದನಿ ಇರಬೇಕು ಅನ್ನೋದು ಇವಳ ಆಸೆ.

2008ರಲ್ಲಿ ಅವಳ ಅಕ್ಕ ನಮ್ಮನ್ನ ಅಮೆರಿಕದ ಟೊರೆನ್ಸ್‌ಗೆ ಕರೆಸಿಕೊಂಡರು. ನನಗೆ ಹೋಟೆಲಲ್ಲಿ ಈರುಳ್ಳಿ ಹೆಚ್ಚೋ ಕೆಲಸ. ಅವಳು ಹಾಲಿವುಡ್ ಕಡೆ ಬಸ್ ಹತ್ತಿದಳು. "ಇಲ್ಲಿ ಡಬ್ಬಿಂಗ್ ಇಲ್ಲಂತ್ರೀ. ಸೆಟ್‌ನ್ಯಾಗ ಏನ್ ಮಾತಾಡ್ತೀವೋ ಅದ ಖರೆ ಅಂತ."

ಆ ನಟಿ ಅಲ್ಲ

ಯುಗಾದಿಗೆ ಪೊಮೊನಾದ ಒಂದು ಹಾಲ್‌ನಲ್ಲಿ ಕನ್ನಡದವರ ಊಟ. ತಟ್ಟೆ ಹಿಡಿದು ಲೈನಲ್ಲಿ ನಿಂತಿದ್ದೆವು. ಹಿಂದೆ ಇದ್ದ ಒಬ್ಬರು ಆಂಟಿ ಇವಳ ಮುಖ ನೋಡಿದರು. ನೋಡ್ತಾನೇ ಇದ್ದರು. ಬಾವಿಗೆ ಬೀಳೋ ತಂಗಿ ನೀವೇ ತಾನೇ ಅಂದರು. ಇವಳಿಗೆ ಸಂತೋಷ ತಡೀಲಿಲ್ಲ. ಹೌದ್ರೀ, ನಾನ ಅಂದಳು.

ಮಾತು ಕೇಳಿದ್ದೇ ಆಂಟಿ ಮುಖ ಸಣ್ಣದಾಯ್ತು. ಅವರ ದನಿ ಜೇನು ಕಣ್ರೀ, ನೀವಲ್ಲ ಬಿಡಿ ಅಂದರು. ಇವಳೇ ಅವಳು ಅಂತ ನಾನು ಸಾಕ್ಷಿ ಹೇಳಿದೆ. ಗಂಡ ಇನ್ನೇನು ಹೇಳ್ತಾನೆ ಅಂದರು. ಆಮೇಲೆ ಪಾಪ ಅನ್ನಿಸಿತೇನೋ, ಇವಳ ಭುಜ ತಟ್ಟಿದರು.

"ಬೇಜಾರ್ ಮಾಡ್ಕೋಬೇಡಿ. ಸ್ವಲ್ಪ ಅವರ ಥರಾನೇ ಇದೀರಾ."

ಕುಂಬಳಕಾಯಿ

ಇಲ್ಲಿ ಮೊದಲು ಸಿಕ್ಕಿದ್ದು ಹೆಣದ ಪಾತ್ರ. ಟಿವಿ ಸೀರಿಯಲ್ಲು, ಆಸ್ಪತ್ರೆ ಕಥೆ. ಹೆಣಕ್ಕೆ ಮಾತಿಲ್ಲ. ಆದರೂ ಹೋದಳು.

ನಮ್ಮಲ್ಲಿ ಒಂದು ಪದ್ಧತಿ ಇದೆ. ಹೆಣವಾಗಿ ಮಲಗಿದವರನ್ನ ಎಬ್ಬಿಸಿ, ಕ್ಯಾಮೆರಾ ಮುಂದೆ ಒಂದು ಸಲ ನಗಿಸಿ, ಬೂದುಗುಂಬಳ ಒಡೆದು ದೃಷ್ಟಿ ತೆಗೆದು ಮನೆಗೆ ಕಳಿಸ್ತಾರೆ. ಇಲ್ಲಿ ಥ್ಯಾಂಕ್ಯೂ ಅಂತ ಹೇಳಿ ಕಳಿಸ್ತಾರೆ. ನನಗೆ ಮನಸ್ಸು ತಡೀಲಿಲ್ಲ. ಕಾಯಿಗೆ ತೂತು ಮಾಡಿ, ಕುಂಕುಮದ ನೀರು ತುಂಬಿ ತಂದಿದ್ದೆ. ಸ್ಟುಡಿಯೋ ಪಾರ್ಕಿಂಗಲ್ಲಿ ಒಡೆದೆ. ನೆಲ ಕೆಂಪು, ಕೈ ಕೆಂಪು, ಅಂಗಿ ಕೆಂಪು.

ಸೆಕ್ಯುರಿಟಿಯವನು ಓಡಿ ಬಂದ. ನನ್ನನ್ನ ಗೋಡೆಗೆ ಮುಖ ಮಾಡಿ ನಿಲ್ಲಿಸಿದ. ಯಾರಿಗೆ ಏನು ಮಾಡಿದೆ, ಎಲ್ಲಿದ್ದಾರೆ ಅವರು ಅಂತ ಕೇಳಿದ. ಇಂಗ್ಲಿಷಲ್ಲಿ ದೃಷ್ಟಿ ತೆಗೆಯೋದು ಹೇಗೆ ಅಂತ ನನಗೆ ಗೊತ್ತಿಲ್ಲ. ಅಷ್ಟರಲ್ಲಿ ಅವಳು ಮೇಕಪ್ಪೂ ತೆಗೀದೆ ಓಡಿ ಬಂದಳು. ಸುಣ್ಣದಂಥ ಮುಖ, ನೀಲಿ ತುಟಿ.

ಅವಳೇ, ಅಂತ ತೋರಿಸಿದೆ.

ರೂಮ್ ರೆಡಿ

ಕೆಲವು ವರ್ಷ ಆದ ಮೇಲೆ ಒಂದು ಮಾತು ಸಿಕ್ಕಿತು. ಮೋಟೆಲ್ ಕೌಂಟರಲ್ಲಿ ನಿಂತು ರೂಮ್ ರೆಡಿ ಇದೆ ಅಂತ ಇಂಗ್ಲಿಷಲ್ಲಿ ಹೇಳಬೇಕು. ಮನೇಲಿ ಅದೇ ಜಪ. ಅನ್ನ ಆಯ್ತಾ ಅಂದರೆ ರೂಮ್ ರೆಡಿ ಅನ್ನೋಳು.

ಗಾಂಧಿನಗರದಲ್ಲಿ ಕ್ಯಾಮೆರಾ ಓಡುವಾಗಲೇ ಒಬ್ಬ ಪಕ್ಕದಲ್ಲಿ ನಿಂತು ಮಾತು ಕೂಗ್ತಾನೆ. ಕಲಾವಿದರು ಕೇಳಿಕೊಂಡು ಹೇಳ್ತಾರೆ. ದನಿ ಹೇಗೂ ಆಮೇಲೆ ಸೇರಿಸೋದು. ಅವಳಿಗೆ ಅದೇ ರೂಢಿ. ಇಲ್ಲಿ ಆಕ್ಷನ್ ಅಂದರು. ಎಲ್ಲರೂ ಉಸಿರು ಹಿಡಿದು ನಿಂತರು. ಅವಳು ಕಾದಳು. ಅವರೂ ಕಾದರು. ಕೊನೆಗೆ ಲೈಟಿನ ಹಿಂದೆ ಇದ್ದ ನನ್ನ ಕಡೆ ತಿರುಗಿ ರೇಗಿದಳು.

"ಲಗೂನ ಹೇಳ್ರೀ."

ನಾನು ಗಟ್ಟಿಯಾಗಿ ಹೇಳಿದೆ. ಕಟ್ ಅಂದರು. ಮತ್ತೆ ತೆಗೆದರು, ಮತ್ತೆ ಹಾಗೇ ಆಯ್ತು. ಕೊನೆಗೆ ಆ ಮಾತೇ ಬೇಡ, ಸುಮ್ಮನೆ ಕೀ ಕೊಟ್ಟರೆ ಸಾಕು ಅಂದರು. ಹೊರಡುವಾಗ ಡೈರೆಕ್ಟರ್ ನನ್ನ ಹತ್ತಿರ ಬಂದ. ನಿನ್ನ ದನಿ ಚೆನ್ನಾಗಿದೆ, ಆಕ್ಟ್ ಮಾಡ್ತೀಯಾ ಅಂದ. ಮನೆ ಸೇರೋವರೆಗೂ ಕಾರಲ್ಲಿ ಮೂಕಿ ಸಿನಿಮಾ.

ಕಾರ್‌ನ್ಯಾಗ ಕುಂದರ್ರಿ

ಆಮೇಲೆ ಕೆಲಸ ಬದಲಾಗಿ ಸ್ಯಾನ್ ಡಿಯಾಗೋಗೆ ಬಂದೆವು. ಅಲ್ಲಿ ಯೂನಿವರ್ಸಿಟಿ ಸಿಟಿ ಅನ್ನೋ ಬಡಾವಣೇಲಿ ಬಾಡಿಗೆ ಮನೆ. ಆಗ ತಾನೇ ಓದು ಮುಗಿಸಿದ್ದ ಒಬ್ಬ ಅಮೆರಿಕದವನು ಸಣ್ಣ ಸಿನಿಮಾ ಮಾಡ್ತಿದ್ದ. ಇವಳಿಗೆ ತಾಯಿ ಪಾತ್ರ. ಮಗನನ್ನ ಬಸ್ ಹತ್ತಿಸಬೇಕು. ಏನು ಹೇಳಲಿ ಅಂದಳು. ನಿನ್ನ ಭಾಷೆಯಲ್ಲಿ ನಿನಗೆ ತೋಚಿದ್ದು ಹೇಳು ಅಂದ.

ನನಗೆ ಹುಕುಂ ಆಯ್ತು, ಕಾರಲ್ಲಿ ಕೂರಬೇಕು, ಗ್ಲಾಸ್ ಏರಿಸಬೇಕು. ಕೂತೆ. ಮುಗಿಸಿಕೊಂಡು ಬಂದಳು. ಅಷ್ಟು ವರ್ಷದಲ್ಲಿ ಆ ಥರ ಮುಖ ನಾನು ನೋಡಿರಲಿಲ್ಲ. ಏನು ಹೇಳಿದೆ ಅಂತ ಕೇಳಿದೆ.

"ಥೇಟರ್‌ದಾಗ ಕೇಳ್ರಿ. ನಿಮ್ಮನ್ನ ನೆನಸ್ಕೊಂಡ ಹೇಳೀನಿ."

ಬೈಗುಳವಾ ಅಂದೆ. ಇಲ್ಲಿ ಸೆನ್ಸಾರ್ ಇಲ್ಲ, ಅಂಜಬ್ಯಾಡ್ರಿ ಅಂದಳು.

ನರ್ಸಮ್ಮ

ಸಿನಿಮಾ ತಯಾರಾಗೋ ಮೊದಲೇ ಅವಳು ಆಸ್ಪತ್ರೆ ಸೇರಿದಳು. ಈ ಸಲ ಸೆಟ್ ಅಲ್ಲ. ಒಬ್ಬಳು ನರ್ಸಮ್ಮ ಗುರುತು ಹಿಡಿದಳು. ಸೀರಿಯಲ್ಲಲ್ಲಿ ಸತ್ತು ಮಲಗಿದ್ದು ನೀವೇ ಅಲ್ವಾ, ಎಷ್ಟು ಚೆನ್ನಾಗಿ ಮಾಡಿದ್ರಿ ಅಂದಳು. ಈ ದೇಶದಲ್ಲಿ ಅವಳಿಗೆ ಸಿಕ್ಕ ಒಬ್ಬಳೇ ಅಭಿಮಾನಿ. ಇಲ್ಲಿ ಮಾತ್ರ ಆ ಪಾತ್ರ ಬೇಡ ಅಂತ ತಮಾಷೆನೂ ಮಾಡಿದಳು.

"ನಮ್ಮ ಕೈಯಾಗ ಏನೈತಿ? ಮ್ಯಾಲಿನ ಡೈರೆಕ್ಟರ್ ಹೇಳಿದಂಗ."

ಅರ್ಥ ಹೇಳಿದೆ. ನರ್ಸಮ್ಮ ನಕ್ಕಳು. ಡೈರೆಕ್ಟರ್ ನಗಲಿಲ್ಲ.

ಗೌರವ

ಅವಳು ಹೋದ ಮಾರನೇ ವರ್ಷ, 2018ರಲ್ಲಿ, ಆ ಸಿನಿಮಾ ಸ್ಯಾನ್ ಡಿಯಾಗೋದ ಒಂದು ಸಣ್ಣ ಥಿಯೇಟರಲ್ಲಿ ಒಂದೇ ಆಟ ಆಯ್ತು. ಆಮೇಲೆ ಎಲ್ಲೂ ಬರಲಿಲ್ಲ. ಮಾಡಿದವನು ಊರು ಬಿಟ್ಟ, ಫೋನ್ ಎತ್ತಲ್ಲ. ಅವಳು ಏನು ಹೇಳಿದಳು ಅಂತ ಆಟಕ್ಕೆ ಮುಂಚೆಯೇ ಅವನನ್ನ ಕೇಳಿದ್ದೆ. ನನಗೆ ಆ ಭಾಷೆ ಬರಲ್ಲ, ಅದಕ್ಕೇ ಕೆಳಗೆ ಇಂಗ್ಲಿಷೂ ಹಾಕಿಲ್ಲ, ಅರ್ಥ ಆಗದಿದ್ದರೇ ಚೆಂದ ಅಂದಿದ್ದ.

ಕನ್ನಡದವರಿಗೆ ಸುದ್ದಿ ಮುಟ್ಟಿತು. ಟೊರೆನ್ಸಿಂದಲೂ ಡ್ರೈವ್ ಮಾಡ್ಕೊಂಡು ಬಂದರು. ಆಂಟಿಗೆ ಗೌರವ ಕೊಡಬೇಕು ಅಂಕಲ್ ಅಂದರು. ಬೆಂಗಳೂರಿನ ಒಬ್ಬ ಇಂಜಿನಿಯರ್ ಆಫೀಸಿನ ಪೇಪರನ್ನೆಲ್ಲ ಚೂರು ಮಾಡಿ ಚೀಲದಲ್ಲಿ ತಂದಿದ್ದ. ನಾನು ಮುಂದೆ ಕೂತೆ. ಮಾತು ಹತ್ತಿರದಿಂದ ಕೇಳಲಿ ಅಂತ.

ಬಸ್ ಬಂತು. ಪರದೆ ತುಂಬ ಅವಳ ಮುಖ. ಬಾಯಿ ತೆರೆದಳು.

ಹಿಂದಿನಿಂದ ಸೀಟಿ ಬಿತ್ತು. ಚಪ್ಪಾಳೆ, ಕೇಕೆ. ತಲೆ ಮೇಲೆ ಪೇಪರ್ ಚೂರು. ಗಾಂಧಿನಗರದಲ್ಲಿ ಹೀರೋ ಬಂದಾಗ ಮಾಡ್ತಾರಲ್ಲ, ಹಾಗೆ. ಅವಳ ತುಟಿ ಆಡಿತು. ನಿಂತಿತು. ಬಸ್ ಹೋಯ್ತು.

ಲೈಟ್ ಹಾಕಿದರು. ಎಲ್ಲರೂ ಕಣ್ಣೊರೆಸಿಕೊಂಡು ಬಂದು ನನ್ನ ಕೈ ಹಿಡಿದರು. ಆಂಟಿ ಎಷ್ಟು ಚೆನ್ನಾಗಿ ಮಾತಾಡಿದ್ರು ಅಂತ ಒಬ್ಬರು ಅಂದರು. ಏನಂದಳು ಅಂತ ಕೇಳಿದೆ. ಅವರು ಹೆಂಡತಿ ಮುಖ ನೋಡಿದರು. ಹೆಂಡತಿ ಪಕ್ಕದವರ ಮುಖ ನೋಡಿದರು. ಹಾಗೇ ದಾಟಿಕೊಂಡು ಪ್ರಶ್ನೆ ಆ ಇಂಜಿನಿಯರ್ ಹತ್ತಿರ ಹೋಯ್ತು. ಅವನ ಚೀಲ ಖಾಲಿಯಾಗಿತ್ತು.

"ಕೇಳಿಸ್ಲಿಲ್ಲ ಅಂಕಲ್," ಅಂದ. "ಸೀಟಿ ಜಾಸ್ತಿ ಇತ್ತು."