ಒಳಗಿನಿಂದ ಚಿಲಕವಿರುವ ಕಾಲೇಜು

ನಾಲ್ಕು ಸಾಲು ಬರೆಯೋಣವೆಂದು ಕೂತರೆ ಸಾಕು, ಬಾಗಿಲು ಬಡಿಯುತ್ತಾರೆ. ಈಗಷ್ಟೇ ಒಬ್ಬಳು ಬಂದು, "ಅಕ್ಕಾರ, ಚರಿಗಿ ಎಲ್ಲೈತ್ರಿ?" ಎಂದು ಕೇಳಿ, ನನ್ನ ಉತ್ತರಕ್ಕೂ ಕಾಯದೆ ತಾನೇ ನೀರಿನ ತಂಬಿಗೆ ಹುಡುಕಿಕೊಂಡು ಹಿತ್ತಲಿಗೆ ಓಡಿದಳು. ಆಕೆಗಿಂತ ಮೊದಲು ಇನ್ನೊಬ್ಬಳು ಬಂದು ಹೋದಳು. ಇವರೆಲ್ಲ ನಮ್ಮ ಮನೆಯ ಗೋಡೆಗೆ ಹತ್ತಿಕೊಂಡೇ ಇರುವ ಕಾಲೇಜಿನ ಹುಡುಗಿಯರು. ನಮ್ಮ ಮನೆಯವರು ಅಲ್ಲಿ ಗುಮಾಸ್ತರು. ಒಲೆಯ ಮೇಲೆ ಸಾರು, ತೊಡೆಯ ಮೇಲೆ ಮಗಳು, ಕೈಯಲ್ಲಿ ಪೆನ್ನು, ಹಿತ್ತಲಲ್ಲಿ ಕಾಲೇಜು. ಇಂಥ ಸಂಗತಿಗಳು ಬೇರೆಯವರಿಗೆ ವರ್ಷಕ್ಕೊಮ್ಮೆ ನಡೆಯುತ್ತವೆ, ನಮಗೆ ಊಟದ ಮೊದಲೊಂದು, ಊಟದ ನಂತರವೊಂದು. ಮತ್ತೊಬ್ಬಳು ಬರುವುದರೊಳಗೆ ಇದು ಹೇಗೆ ಶುರುವಾಯಿತೆಂದು ಹೇಳಿಬಿಡುತ್ತೇನೆ.

ನಮ್ಮ ವಿಜಾಪುರದ ಈ ಕಾಲೇಜು ಹುಟ್ಟಿದ್ದು ಹಳೆಯ ಹತ್ತಿ ಗೋದಾಮಿನಲ್ಲಿ. ಗಾಳಿ ಬಿಟ್ಟರೆ ಇಂದಿಗೂ ಸಂದುಗೊಂದಿನಿಂದ ಅರಳೆ ಹಾರಿ ಬಂದು ಇತಿಹಾಸದ ಮಾಸ್ತರರ ತಲೆಯ ಮೇಲೆ ಕೂಡುತ್ತದೆ. ಮೊದಲ ವರ್ಷಗಳಲ್ಲಿ ವಿದ್ಯಾರ್ಥಿಗಳಿಗಿಂತ ಅರಳೆಯೇ ಹೆಚ್ಚಿತ್ತು. ಹುಡುಗಿಯರಂತೂ ಒಬ್ಬರೂ ಇರಲಿಲ್ಲ. ಹೀಗೇ ಮುಂದುವರಿದರೆ ಮಾನ್ಯತೆ ಕಿತ್ತುಕೊಳ್ಳುತ್ತೇವೆ, ಬಂದು ನೋಡುತ್ತೇವೆ ಎಂದು ಯುನಿವರ್ಸಿಟಿಯವರು ತಿಳಿಸಿದರು. ಕಾಲೇಜು ಮುಚ್ಚಿದರೆ ನಮ್ಮ ಮನೆಯವರ ನೌಕರಿ ಹೋಗುತ್ತದೆ. ನೌಕರಿ ಹೋದರೆ ನಾವು ಊರಿಗೆ ಹೋಗಿ ನಮ್ಮತ್ತೆಯ ಅಡುಗೆಮನೆಗೆ ಸೇರಬೇಕು. ಆಕೆ ಒಂದೇ ಬೆಂಕಿಕಡ್ಡಿಯಲ್ಲಿ ಒಲೆಯನ್ನೂ ನನ್ನನ್ನೂ ಹೊತ್ತಿಸಬಲ್ಲ ಹೆಂಗಸು. ಹಾಗಾಗಿ ಉಚ್ಚ ಶಿಕ್ಷಣದ ಉದ್ಧಾರಕ್ಕೆ ನಾನೂ ಟೊಂಕ ಕಟ್ಟಿದೆ.

ಮೊದಲು ಪ್ರಾಧ್ಯಾಪಕರು ಹಳ್ಳಿಗಳಿಗೆ ಹೋಗಿ ಜ್ಞಾನದ ಬಗ್ಗೆ ಭಾಷಣ ಮಾಡಿ, ಚಹಾ ಕುಡಿದು, ಬರಿಗೈಯಲ್ಲಿ ಬಂದರು. ಆಗ ಪ್ರಿನ್ಸಿಪಾಲರು ನಮ್ಮ ಮನೆಯವರನ್ನು ಕರೆದು, "ಜ್ಞಾನ ಇರಲಿ. ಆ ಮಂದಿಗೆ ಕಾಲೇಜಿನಿಂದ ಏನು ಬೇಕಾಗೇದ, ಅದನ್ನ ತಿಳ್ಕೊಂಡು ಬಾ" ಎಂದರು. ನಮ್ಮ ಮನೆಯವರು ಒಳ್ಳೆಯವರು. ಆದರೆ ಹೊಸಬರೆಂದರೆ ಸಂಕೋಚ, ಎರಡು ಸಲ ಹೆಸರು ಕೇಳಿದರೂ ಮೂರನೆಯ ಸಲವೇ ಯೋಚಿಸಿ ಹೇಳುತ್ತಾರೆ. ಅದಕ್ಕೇ ಮಗಳನ್ನು ಬಗಲಲ್ಲಿ ಎತ್ತಿಕೊಂಡು ನಾನೂ ಬಸ್ಸು ಹತ್ತಿದೆ.

ಫೇಲಿನ ಖಾತ್ರಿ

ಬಿಜ್ಜರಗಿಯಲ್ಲಿ ಒಬ್ಬ ರೈತನ ಮನೆಗೆ ಹೋದೆವು. ಮಗ ಎಸ್ಸೆಸ್ಸೆಲ್ಸಿ ಪಾಸಾಗಿ ಮನೆಯಲ್ಲೇ ಇದ್ದ. ನಮ್ಮ ಮನೆಯವರು ಬಾಯಿಪಾಠ ಮಾಡಿಕೊಂಡು ಹೋದದ್ದನ್ನೆಲ್ಲ ಒಪ್ಪಿಸಿದರು: ನಮ್ಮಲ್ಲಿ ಎಂ.ಎ. ಆದ ಪ್ರಾಧ್ಯಾಪಕರಿದ್ದಾರೆ, ಗ್ರಂಥಾಲಯವಿದೆ. ಗ್ರಂಥಾಲಯ ಎಂದರೆ ಒಂದು ಕಪಾಟು, ಅದನ್ನು ಹೇಳಲಿಲ್ಲ.

ರೈತ ಎಲ್ಲವನ್ನೂ ಕೇಳಿಸಿಕೊಂಡು, ಹುಡುಗನನ್ನು ಎಷ್ಟು ವರ್ಷ ಇಟ್ಟುಕೊಳ್ಳುತ್ತೀರಿ ಎಂದ. ಪಿ.ಯು.ಸಿ. ಮತ್ತು ಬಿ.ಎ. ಸೇರಿ ಐದು ವರ್ಷ ಎಂದರು ಇವರು.

"ನಡುವ ಫೇಲಾದ್ರ?"

ಫೇಲಾಗುವುದಿಲ್ಲ, ನಮ್ಮ ಪಾಠ ಹಾಗಿರುತ್ತದೆ ಎಂದು ಇವರು ಎದೆಯುಬ್ಬಿಸಿದರು. ರೈತನ ಮುಖ ಸಪ್ಪಗಾಯಿತು. ಒಳಗಿನಿಂದ ಅವನ ಹೆಂಡತಿ ನನ್ನನ್ನು ಕರೆದು ಸಂಗತಿ ಹೇಳಿದಳು. ಹೊಲದ ಒಡ್ಡಿನ ಜಗಳದಲ್ಲಿ ದೊಡ್ಡ ಮಗನನ್ನು ಕೊಡಲಿಯಿಂದ ಹೊಡೆದು ಹಾಕಿದ್ದರು. ಹೊಡೆದವರು ಜೇಲಿನಿಂದ ಬಿಡುಗಡೆಯಾಗಿ ಬಂದು ಅದೇ ಓಣಿಯಲ್ಲಿ ತಿರುಗಾಡುತ್ತಿದ್ದರು. ಸಣ್ಣವನು ದಿನಾ ಅವರ ಎದುರಿಗೆ ಹಾದು ಹೋಗಬೇಕು. ಅವನ ಕಣ್ಣಲ್ಲಿ ಸೇಡು ಇದೆಯೆಂದು ತಾಯಿಗೆ ಗೊತ್ತಿತ್ತು, ಎಷ್ಟು ವರ್ಷ ಊರಿನಿಂದ ದೂರವಿದ್ದರೆ ಅಷ್ಟು ಒಳ್ಳೆಯದು.

ನಾನು ಹೊರಗೆ ಬಂದು, ನಮ್ಮವರ ಮಾತನ್ನು ನಡುವೆಯೇ ಕತ್ತರಿಸಿ, "ಫೇಲೂ ಮಾಡ್ತಾರ್ರಿ, ನೀವೇನ ಚಿಂತಿ ಮಾಡಬ್ಯಾಡ್ರಿ" ಎಂದೆ.

ರೈತ ಮೊದಲ ಸಲ ನೆಟ್ಟಗೆ ಕೂತ. "ಹಂಗ ಹೇಳ್ರಲ್ಲ ಮತ್ತ. ಸಾವಕಾಶ ಕಲೀಲಿ. ಅವಸರ ಇಲ್ಲ."

ಕಾಲೇಜಿಗೆ ಹುಡುಗನ ಹೆಸರು ಹಚ್ಚಿದೆವು. ಬಸ್ಸಿನಲ್ಲಿ ನಮ್ಮ ಮನೆಯವರು, ನಮ್ಮ ಕಾಲೇಜಿನ ಫಲಿತಾಂಶ ಇಷ್ಟು ಕೆಟ್ಟದ್ದಿರುವುದು ಒಬ್ಬರಿಗಾದರೂ ಉಪಯೋಗಕ್ಕೆ ಬಂತಲ್ಲ ಎಂದರು.

ಕುರಿಯ ಹಿಂದೆ

ಮಮದಾಪುರದಲ್ಲಿ ಕುರಿ ಸಾಕಿದವನೊಬ್ಬ ಒಂದೇ ಪ್ರಶ್ನೆ ಕೇಳಿದ: ಬಿ.ಎ. ಕಲಿತ ಮೇಲೆ ಮಗ ಕುರಿಯ ಹಿಂದೆ ಹೋಗುತ್ತಾನೋ ಇಲ್ಲವೋ?

ಛೇ, ಕುರ್ಚಿಯ ಮೇಲೆ ಕೂಡುತ್ತಾನೆ ಎಂದರು ನಮ್ಮ ಮನೆಯವರು.

ಹಾಗಾದರೆ ಬೇಡ ಎಂದ ಅವನು. ಕುರ್ಚಿಗೆ ಉಣ್ಣೆ ಬರುವುದಿಲ್ಲವಂತೆ.

ನಮ್ಮವರು ಪಾಠ ಕಲಿತರು. ಕಾಖಂಡಕಿಯಲ್ಲಿ ಇನ್ನೊಬ್ಬ ಅದನ್ನೇ ಕೇಳಿದಾಗ, "ಹೋಗ್ತಾನ, ಹೋಗ್ತಾನ, ಎಷ್ಟ ಕಲಿತರೂ ಕುರಿ ಬಿಡಂಗಿಲ್ಲ" ಎಂದು ಭರವಸೆ ಕೊಟ್ಟರು.

ಅವನು ಇವರನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ಕುರಿ ಹಿಂದ ಹೋಗಾಕ ಈಗೂ ಹೊಂಟಾನಲ್ರಿ. ನಿಮ್ಮ ಕಾಲೇಜ ಯಾತಕ್ಕ?"

ಮಾದರಿ ಮಾಲು

ತಿಕೋಟಾದಲ್ಲಿ ಒಬ್ಬ ಕಾಳಿನ ವ್ಯಾಪಾರಿ ಇದ್ದ. ಜೋಳದ ಚೀಲ ಬಂದರೆ ಕಬ್ಬಿಣದ ಕೊಳವೆಯನ್ನು ಚುಚ್ಚಿ, ಒಳಗಿನ ಕಾಳನ್ನು ಅಂಗೈಗೆ ಸುರಿದುಕೊಂಡು, ಎರಡು ಕಾಳು ಕಡಿದು ನೋಡಿಯೇ ಮಾತಾಡುವವನು. ನಮಗೂ ಅದೇ ಕ್ರಮ. ಭಾಷಣ ಬೇಡ, ನಿಮ್ಮಲ್ಲಿ ಕಲಿತು ಹೊರಬಂದ ಒಬ್ಬನನ್ನು ಕರೆತಂದು ತೋರಿಸಿ, ನೋಡಿ ಮಗನನ್ನು ಹಾಕುತ್ತೇನೆ ಎಂದ.

ತೋರಿಸಲು ನಮ್ಮ ಮನೆಯಲ್ಲೇ ಒಬ್ಬನಿದ್ದ, ನನ್ನ ಮೈದುನ. ಕಾಲೇಜಿನಿಂದ ಮೊದಲು ಪಾಸಾಗಿ ಬಂದವರಲ್ಲಿ ಅವನೂ ಒಬ್ಬ. ಬಿ.ಎ. ಆದಾಗ ಊರಲ್ಲಿ ಪೇಢೆ ಹಂಚಿದ್ದರು. ಆಮೇಲೆ ಅರ್ಜಿ ಹಾಕುತ್ತಾ ಕೂತ. ಕೂತವನು ಬರಬರುತ್ತಾ ಮಲಗಿದ. ಮಾತು ಕಡಿಮೆಯಾಯಿತು. ಊಟಕ್ಕೆ ಕರೆದರೆ, ಹಸಿವಿಲ್ಲ ವೈನಿ ಎನ್ನುತ್ತಿದ್ದ. ದುಡಿಯದವನಿಗೆ ಹಸಿವಾಗಬಾರದು ಎಂದು ಅವನೇ ತೀರ್ಮಾನಿಸಿದ್ದ ಹಾಗಿತ್ತು.

ಅವನ ಅಂಗಿಗೆ ಇಸ್ತ್ರಿ ಮಾಡಿ, ತಲೆಗೆ ಎಣ್ಣೆ ಹಚ್ಚಿಸಿ, ಮೂವರೂ ತಿಕೋಟಾಕ್ಕೆ ಹೋದೆವು. ವ್ಯಾಪಾರಿ ಅವನನ್ನು ಗದ್ದಿಗೆಯ ಮೇಲೆ ಕೂಡಿಸಿಕೊಂಡು ದಿನಪತ್ರಿಕೆ ಓದಿಸಿದ, ಇಂಗ್ಲಿಷಿನಲ್ಲಿ ಒಂದು ವಿಳಾಸ ಬರೆಸಿದ. ಎಲ್ಲವೂ ಚೊಕ್ಕ. ವ್ಯಾಪಾರಿ ತಲೆ ಆಡಿಸಿದ. ನಮ್ಮ ಮನೆಯವರು ನನ್ನ ಕಡೆ ನೋಡಿ ಕಣ್ಣಲ್ಲೇ ನಕ್ಕರು.

"ಈಗೇನ ಮಾಡಾಕತ್ತೀ ತಮ್ಮಾ?"

"ಮನ್ಯಾಗ ಅದೀನ್ರಿ" ಎಂದ ಮೈದುನ. ಸುಳ್ಳು ಹೇಳು ಎಂದು ದಾರಿಯುದ್ದಕ್ಕೂ ಕಲಿಸಿದ್ದೆ. ಹಾಳಾದವನು ಹೇಳಲಿಲ್ಲ.

ವ್ಯಾಪಾರಿ ಅಂಗಡಿಯ ಮೂಲೆಯಲ್ಲಿ ಒಟ್ಟಿದ್ದ ಚೀಲಗಳನ್ನು ತೋರಿಸಿ ಸಮಾಧಾನದ ದನಿಯಲ್ಲಿ ಹೇಳಿದ, "ಬ್ಯಾಸರ ಮಾಡ್ಕೋಬ್ಯಾಡ. ಮಾಲು ಚಲೋ ಐತಿ, ಗಿರಾಕಿ ಇಲ್ಲ. ಅಲ್ಲಿ ನೋಡು, ನನ್ನ ಹಂತ್ಯಾಕೂ ಐತಿ ಅಂಥಾದ್ದು. ಹುಳಾ ಹತ್ತದಂಗ ನೋಡ್ಕೋಬೇಕು, ಅಷ್ಟ."

ಮಗನನ್ನು ಹಾಕಲಿಲ್ಲ. ಆದರೆ ಮೈದುನ ಬಸ್ಸಿನಲ್ಲಿ ನಕ್ಕ. ಎಷ್ಟೋ ತಿಂಗಳ ಮೇಲೆ ನಕ್ಕ. ಆ ನಗು ಕೇಳಿ ನನಗೆ ಅಳು ಬಂತು. ಅಂದು ರಾತ್ರಿ ಎರಡು ರೊಟ್ಟಿ ಹೆಚ್ಚು ತಿಂದು, "ಹುಳಾ ಹತ್ತಬಾರದಲ್ಲ ವೈನಿ" ಎಂದ.

ತಾಯಿ ಕೇಳಿದ್ದು

ಬಬಲೇಶ್ವರದ ಮನೆಯಲ್ಲಿ ಹುಡುಗಿಯೊಬ್ಬಳಿದ್ದಳು. ಒಳ್ಳೆಯ ಅಂಕ ಬಂದಿತ್ತು. ತಂದೆ ಇರಲಿಲ್ಲ. ಸೋದರಮಾವ ಮದುವೆಗೆ ಅವಸರ ಮಾಡುತ್ತಿದ್ದ, ವರನೂ ತಾನೇ ಎಂಬ ಕಾರಣಕ್ಕೆ. ಹುಡುಗಿ ಕಂಬಕ್ಕೆ ಆತು ನಿಂತು ನಮ್ಮನ್ನೇ ನೋಡುತ್ತಿದ್ದಳು. ನಾವೇನೋ ಅವಳನ್ನು ಕೆರೆಯಿಂದ ಎತ್ತಲು ಬಂದವರು ಎನ್ನುವಂತೆ.

ನಮ್ಮ ಮನೆಯವರು ಎಂ.ಎ. ಪ್ರಾಧ್ಯಾಪಕರಿಂದ ಶುರು ಮಾಡಿದರು. ತಾಯಿ ಕೈ ಎತ್ತಿ ತಡೆದಳು.

"ಅದೆಲ್ಲಾ ಇರ್ಲಿ. ಹುಡುಗ್ಯಾರು ಒಂದಕ್ಕ ಎರಡಕ್ಕ ಹೋಗೂದು ಎಲ್ಲಿ?"

ನಮ್ಮ ಮನೆಯವರು ಮಾಳಿಗೆಯ ತೊಲೆಗಳನ್ನು ಪರೀಕ್ಷಿಸತೊಡಗಿದರು. ಗೋದಾಮಿಗೆ ಸಂಡಾಸು ಇರಲಿಲ್ಲ. ಹತ್ತಿಗೆ ಅದು ಬೇಕಾಗುವುದಿಲ್ಲ. ಹುಡುಗರು ಗೋಡೆಯ ಹಿಂದೆ ಹೋಗುತ್ತಿದ್ದರು. ಪ್ರಿನ್ಸಿಪಾಲರೂ ಸಹ.

ತಾಯಿ ನನ್ನ ಕಡೆ ತಿರುಗಿ ಹೇಳಿದಳು. ಆಕೆಗೆ ಇನ್ನೊಬ್ಬಳು ದೊಡ್ಡ ಮಗಳಿದ್ದಳಂತೆ. ಹೈಸ್ಕೂಲಿಗೆ ಹೋಗುವಾಗ ಅಲ್ಲಿ ಜಾಗವಿಲ್ಲವೆಂದು ಬೆಳಿಗ್ಗೆಯಿಂದ ಸಂಜೆಯವರೆಗೆ ನೀರು ಕುಡಿಯುತ್ತಿರಲಿಲ್ಲ. ಹೊಟ್ಟೆಬೇನೆ ಹತ್ತಿತು. ಯಾರಿಗೂ ಹೇಳಲಿಲ್ಲ, ನಾಚಿಕೆ. ಹೇಳುವ ಹೊತ್ತಿಗೆ ಡಾಕ್ಟರು ತಡವಾಯಿತು ಎಂದರು. "ಕಲಿಸಬೇಕಂತ ಆಸೆ ಐತಿ ಯವ್ವಾ. ಹಂಗಂತ ಇದ್ದಾಕಿನ್ನೂ ಕಳಕೊಳ್ಳಲೇನು?"

ಎಂ.ಎ. ಪ್ರಾಧ್ಯಾಪಕರನ್ನು ಅಲ್ಲಿಗೇ ಬಿಟ್ಟು, ಹತ್ತನೆಯ ಇಯತ್ತೆಯವರೆಗಷ್ಟೇ ಕಲಿತ ನಾನು ಹೇಳಿದೆ, ನಮ್ಮ ಮನೆ ಕಾಲೇಜಿನ ಗೋಡೆಗೇ ಇದೆ, ಹಿತ್ತಲಲ್ಲಿ ಸಂಡಾಸಿದೆ, ನಾನು ಇಡೀ ದಿನ ಮನೆಯಲ್ಲೇ ಇರುತ್ತೇನೆ.

"ಒಳಗಿಂದ ಚಿಲಕ ಐತೇನು?"

"ಐತ್ರಿ."

"ಗಟ್ಟಿ ಐತೇನು?"

"ನಮ್ಮ ಮನಿಯವರಿಗಿಂತ ಗಟ್ಟಿ ಐತ್ರಿ" ಎಂದೆ.

ಆಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಹುಡುಗಿ ಕಂಬ ಬಿಟ್ಟು ಒಳಗೆ ಓಡಿದ್ದು ಬಟ್ಟೆ ಗಂಟು ಕಟ್ಟಲಿಕ್ಕೆ ಎಂದು ಆಮೇಲೆ ಗೊತ್ತಾಯಿತು. ಸುದ್ದಿ ಹೆಂಗಸರ ನಡುವೆ ಹರಿಯಿತು. ಒಂದೊಂದಾಗಿ ಹುಡುಗಿಯರು ಬಂದು ಹೆಸರು ಹಚ್ಚಿದರು. ಯಾರ ತಾಯಿಯೂ ಕಾಲೇಜು ನೋಡಲಿಲ್ಲ. ಎಲ್ಲರೂ ಬಂದು ನಮ್ಮ ಹಿತ್ತಲು ನೋಡಿ ಹೋದರು.

ತಪಾಸಣೆ

ಯುನಿವರ್ಸಿಟಿಯವರು ಬಂದರು. ಇಬ್ಬರು ಗಂಡಸರು, ಕನ್ನಡಕ ಹಾಕಿದ ಒಬ್ಬರು ಹೆಂಗಸು, ನಮ್ಮ ಕಡೆಯ ಮಾತಿನಲ್ಲಿ ಬಾಯಿಯವರು. ತರಗತಿಯಲ್ಲಿ ನಡೆದದ್ದನ್ನು ನಮ್ಮ ಮನೆಯವರು ಆಮೇಲೆ ಹೇಳಿದರು. ಈ ಕಾಲೇಜನ್ನೇ ಏಕೆ ಆರಿಸಿದಿರಿ ಎಂದು ಬಂದವರು ಕೇಳಿದರಂತೆ. ಪ್ರಿನ್ಸಿಪಾಲರು ಹಿಂದಿನ ದಿನವೇ ಉತ್ತರ ಕಲಿಸಿದ್ದರು. ಆದರೆ ಬಿಜ್ಜರಗಿಯ ಹುಡುಗ ಎದ್ದು, "ನಾ ಜೀವಂತ ಇರ್ಲಿ ಅಂತ ನಮ್ಮಪ್ಪ ಹಚ್ಯಾನ್ರಿ" ಎಂದ. ಬಬಲೇಶ್ವರದ ಹುಡುಗಿ ಎದ್ದು, "ಇಲ್ಲಿ ಚಿಲಕ ಐತ್ರಿ" ಎಂದಳು.

ಯಾವ ಚಿಲಕ, ಎಲ್ಲಿಯ ಚಿಲಕ ಎಂದು ವಿಚಾರಣೆ ನಡೆಯಿತು. ಪ್ರಿನ್ಸಿಪಾಲರು ಬೆವರು ಒರೆಸಿಕೊಂಡು, ಅದು ನಮ್ಮ ವಿದ್ಯಾರ್ಥಿನಿಯರ ವಿಶ್ರಾಂತಿಗೃಹ ಎಂದುಬಿಟ್ಟರು. ಹಾಗಾದರೆ ನೋಡೋಣ ಎಂದು ಬಾಯಿಯವರು ಎದ್ದರು.

ನಾನು ರೊಟ್ಟಿ ಬಡಿಯುತ್ತಿದ್ದೆ. ಮಗಳು ಬರಿಮೈಯಲ್ಲಿ ಹಿಟ್ಟಿನ ಪರಾತದಲ್ಲಿ ಕೂತಿದ್ದಳು. ನಮ್ಮ ಮನೆಯವರು ಏದುಸಿರು ಬಿಡುತ್ತಾ ಓಡಿ ಬಂದು, ಸೀಮೆಸುಣ್ಣದಿಂದ ನಮ್ಮ ಬಾಗಿಲ ಮೇಲೆ 'ವಿದ್ಯಾರ್ಥಿನಿಯರ ವಿಶ್ರಾಂತಿಗೃಹ' ಎಂದು ಬರೆದರು. ಆಮೇಲೆ ಒಳಗೆ ಬಂದು, "ಇವತ್ತ ಇದು ನಮ್ಮ ಮನಿ ಅಲ್ಲ" ಎಂದರು.

"ಹಂಗಾರ ನೀವ್ಯಾರು?" ಎಂದೆ.

"ನಾನಿಲ್ಲಿ ಇಲ್ಲ" ಎಂದು ಹೇಳಿ ಅಟ್ಟ ಹತ್ತಿದರು. ಅಲ್ಲಿ ಮೈದುನ ಮಲಗಿದ್ದ. ಅವನೂ ಇರಲಿಲ್ಲ.

ಬಂದವರು ಒಳಗೆ ಬಂದರು. ವಿಶ್ರಾಂತಿಗೃಹದಲ್ಲಿ ನಮ್ಮ ಮನೆಯವರ ಧೋತರ ಒಣಗುತ್ತಿತ್ತು. ಗಂಡಸರಲ್ಲಿ ಒಬ್ಬರು ಅದನ್ನೇ ನೋಡುತ್ತ ನಿಂತರು. ಇದು ಪರದೆ ಎಂದರು ಪ್ರಿನ್ಸಿಪಾಲರು. ಪರಾತದಲ್ಲಿ ಕೂತವಳು ಯಾವ ತರಗತಿ ಎಂದು ಇನ್ನೊಬ್ಬರು ಕೇಳಿದರು. ಅದಕ್ಕೆ ಪ್ರಿನ್ಸಿಪಾಲರು ಕೆಮ್ಮಿದರು. ಅಟ್ಟದ ಮೇಲಿಂದ ಯಾರೋ ಸೀನಿದರು, ಅದನ್ನು ಯಾರೂ ಕೇಳಿಸಿಕೊಳ್ಳಲಿಲ್ಲ.

ಬಾಯಿಯವರು ಮಾತ್ರ ನೇರ ಹಿತ್ತಲಿಗೆ ಹೋದರು. ಬೆಳಿಗ್ಗೆಯಿಂದ ಜೀಪಿನಲ್ಲಿ ಗಂಡಸರ ಜೊತೆ ಕೂತು ಬಂದವರು. ಚರಿಗೆ ತಾವೇ ತುಂಬಿಕೊಂಡರು. ಒಳಗಿನಿಂದ ಚಿಲಕ ಬಿದ್ದ ಸಪ್ಪಳ ಎಲ್ಲರಿಗೂ ಕೇಳಿಸಿತು. ಹೊರಗೆ ಇಬ್ಬರು ಗಂಡಸರೂ ಪ್ರಿನ್ಸಿಪಾಲರೂ ಉಚ್ಚ ಶಿಕ್ಷಣದ ಬಗ್ಗೆ ಜೋರಾಗಿ ಮಾತಾಡತೊಡಗಿದರು.

ಬಾಯಿಯವರು ಹೊರಗೆ ಬಂದು ಕಾಲು ತೊಳೆದುಕೊಂಡು, ಗಂಡಸರನ್ನು ಬೀದಿಗೆ ಕಳಿಸಿ, ಒಲೆಯ ಮುಂದೆ ನನ್ನ ಎದುರಿಗೆ ಕುಕ್ಕರುಗಾಲಲ್ಲಿ ಕೂತರು. ಪೆನ್ನು ತೆಗೆದರು. ಸಿಟ್ಟಿರಲಿಲ್ಲ. ತಮ್ಮ ಕಾಲದಲ್ಲಿ ಕಾಲೇಜಿಗೆ ಹೋಗುವಾಗ ತಾವೂ ನೀರು ಕುಡಿಯುತ್ತಿರಲಿಲ್ಲ ಎಂದಷ್ಟೇ ಹೇಳಿ ಒಲೆಯ ಕಟ್ಟಿಗೆಯನ್ನು ಮುಂದೆ ತಳ್ಳಿದರು. ಆಮೇಲೆ ಲೆಕ್ಕ ಬಿಡಿಸಿಟ್ಟರು. ಇದು ಕಾಲೇಜಿನದು ಎಂದು ಬರೆದರೆ ಕಾಲೇಜು ಉಳಿಯುತ್ತದೆ, ಆದರೆ ಆಡಳಿತದವರು ಇನ್ನು ಯಾವತ್ತೂ ಹುಡುಗಿಯರಿಗಾಗಿ ಒಂದು ಇಟ್ಟಿಗೆಯನ್ನೂ ಇಡುವುದಿಲ್ಲ. ನಾವು ಮನೆ ಬಿಟ್ಟ ದಿನ ಹುಡುಗಿಯರು ಮತ್ತೆ ಬಾಯಿ ಒಣಗಿಸಿಕೊಂಡು ಕೂಡಬೇಕು. ಇದು ನಮ್ಮದು ಎಂದು ಬರೆದರೆ ಸತ್ಯವಾಗುತ್ತದೆ. ಹುಡುಗಿಯರಿಗೆ ಸಂಡಾಸಿಲ್ಲದ ಕಾಲೇಜಿಗೆ ಮಾನ್ಯತೆ ಉಳಿಯುವುದಿಲ್ಲ, ಕಾಲೇಜು ಮುಚ್ಚುತ್ತದೆ. ಮುಂದಿನ ಲೆಕ್ಕ ನನಗೇ ಗೊತ್ತಿತ್ತು: ನನ್ನ ಗಂಡನ ನೌಕರಿ ಹೋಗುತ್ತದೆ, ಬಬಲೇಶ್ವರದ ಹುಡುಗಿ ಮಾವನ ಮನೆ ಸೇರುತ್ತಾಳೆ.

ತವೆಯ ಮೇಲಿನ ರೊಟ್ಟಿ ಕರಕಲಾಗುತ್ತಿತ್ತು. ಊರೂರು ತಿರುಗಿ ಎಲ್ಲರ ಪ್ರಶ್ನೆಗೂ ಪಟಪಟನೆ ಉತ್ತರ ಕೊಟ್ಟವಳು ನಾನು.

"ಹೇಳವ್ವಾ," ಎಂದರು ಬಾಯಿಯವರು, "ಯಾರದಂತ ಬರೀಲಿ?"