ದವಡ್ಯಾಗಿನ ಗೋಳಿ

ಬಾಯಾಗ ಏನರೆ ಇಟ್ಕೊಂಡೇ ದಿನಾ ತಳ್ಳೋ ಮನಿ ನಮ್ದು. ಹಂಗಾಗಿ ನಮ್ಮ ಫಜೀತಿಗೋಳೂ ಬಾಯಿಂದೇ ಶುರುವಾಗ್ತಾವ. ಮಳಿ ಕೈಕೊಟ್ಟ ವರ್ಷ ನಮ್ಮೂರು ಸಾಯಗಾಂವ ಬಿಟ್ಟು ಬೀದರಿಗಿ ಬಂದು, ಚಿದ್ರಿ ಓಣ್ಯಾಗ ಒಂದು ಖೋಲಿ ಹಿಡದೇವು. ಮಗ ಕಾಳಿನ ಬಜಾರ ಗಾಂಧಿ ಗಂಜಿನಾಗ ಹಮಾಲಿ. ಮುಂದಿನ ವರ್ಷನೂ ಮಳಿ ಇಲ್ಲ, ಗಂಜಿಗಿ ಮಾಲು ಇಲ್ಲ. ಮಗ ಸೊಸಿ ಪುಣೆಗಿ ದುಡಿಲಿಕ್ಕ ಹೋಗೋದು ಗಟ್ಟಿ ಆತು. ಮೊಮ್ಮಗಳು ಮಾತ್ರ ಓಡೋದ್ರಾಗ ಭಾಳ ಚುರುಕು. ಆಯ್ಕಿ ಆದ್ರ ಕ್ರೀಡಾ ಹಾಸ್ಟೆಲು, ಸಾಲಿ, ಎರಡೂ ಹೊತ್ತು ಊಟ. ಇಲ್ಲಂದ್ರ ಆಕಿನೂ ಪುಣೆಗಿ, ಇಟ್ಟಂಗಿ ಹೊರಲಿಕ್ಕ.

ಉಪಾಸದ ಕಾನೂನ

ಆಕಿನ ಕೋಚ್ ಸರು ಒಂದಿನ ಮನಿಗಿ ಬಂದರು. ಚಾ ಮಾಡ್ಲಿಕ್ಕ ಹಾಲಿಲ್ಲ, ಮರ್ಯಾದಿಗಿ ನನ್ನ ತಂಬಾಕಿನ ಚಂಚಿ ಮುಂದ ಇಟ್ಟೆ. ಅದನ್ನ ನೋಡಿ ಅವರು ಹೌಹಾರಿದರು. ಆಯ್ಕಿ ಮುಗಿಯೋತನ ತುಟಿಯಾಗ ಇಡೋ ಪೌಚ್ ಆಗಲಿ, ಚೀಪೋ ಗೋಳಿ ಆಗಲಿ ತಮ್ಮನ್ನ ಕೇಳದೆ ಹುಡುಗಿಗಿ ಕೊಡಬ್ಯಾಡ್ರಿ, ಓಟ ಮುಗದ ಮ್ಯಾಲ ಉಚ್ಚಿ ತಪಾಸ ಮಾಡ್ತಾರ, ನಿಷೇಧದ ದವಾ ಮೈಯಾಗ ಸಿಕ್ಕರ ಅಜ್ಜಿ ಕೊಟ್ಟಾಳ ಅಂದ್ರೂ ಬಿಡಂಗಿಲ್ಲ, ತಪ್ಪು ಓಡೋಳದೇ ಅಂದರು.

ನಾ ಅಂದೆ, "ಶಿವರಾತ್ರಿ ಉಪಾಸದಾಗೂ ನಾ ದವಡ್ಯಾಗ ತಂಬಾಕ ಇಟ್ಕೊಂತೇನಿರಿ. ನುಂಗದಿದ್ರ ಅದು ತಿಂದಂಗಲ್ಲ."

ವಸಡಿನಾಗಿಂದೇ ರಕ್ತಕ್ಕ ಇಳೀತದ ಅಂತ ಸರು ತಿಳಿಸಿ ಹೇಳಿದರು. ನಾ ಗೋಣು ಹಾಕಿದೆ, ಒಪ್ಪಲಿಲ್ಲ. ಕಡಿಗಿ ಅವರು ಕೈ ಮುಗಿದು, "ಅಜ್ಜಿ, ನಿಮ್ಮ ಉಪಾಸ ನೋಡೋನು ಶಿವ, ಹೊಂದಿಕೊಂಡು ಹೋಗ್ತಾನ. ಇಕಿನ್ನ ನೋಡೋರು ಲ್ಯಾಬಿನವರು" ಅಂದರು.

ಗಂಜಿನ ಪೌಚ್

ಗಂಜಿನ ಹಮಾಲರು ಆಗ ತಂಬಾಕಿನಂಗೇ ನಿಶಾ ಕೊಡೋ ಬಿಳೇ ಪೌಚ್ ಒಂದು ತುಟಿ ಒಳಗ ಒತ್ತಿಕೊಂಡೇ ಚೀಲ ಹೊರೋರು. ಮಗ ಒಂದು ತಂದು, ಹುಡುಗಿಗಿ ದಮ್ಮು ಬರ್ತದೇನೋ ಅಂತ ಸರಿಗಿ ತೋರಿಸಿದ. ಸರು ಮೂಸಿ ನೋಡಿದರು. ಮ್ಯಾಲ ಬರದದ್ದು ಒಂದು, ಒಳಗ ಕಲಸಿದ್ದು ಇನ್ನೊಂದು ಇರ್ತದ, ಹುಡುಗಿ ಇದನ್ನ ಇಟ್ಕೊಂಡ್ರ ಹೊರಗ ಹಾಕಬಹುದು ಅಂದರು. ಅಂದು, ನೀವ್ಯಾಕ ಇಡ್ತೀರಿ ಅಂತ ಮಗನ್ನೇ ಕೇಳಿದರು.

"ಹಸಿವಿ ಗೊತ್ತಾಗಂಗಿಲ್ಲರಿ, ಚೀಲ ಏಳ್ತಾವ. ನಮಗ ಇದನ್ನ ಇಟ್ಕೊಳ್ಳಲಿಲ್ಲಂದ್ರೇ ಹೊರಗ ಹಾಕ್ತಾರ."

ಪರೀಕ್ಷಾ

ಆಯ್ಕಿ ದಿನ ಮುಂಜಾನಿ ಧೂಳಿಗಿ ಹುಡುಗಿ ಗಂಟಲು ಕಟ್ಟಿತು. ಓಣಿ ಮೂಲಿ ಅಂಗಡ್ಯಾಗ ಬಿಡಿಯಾಗಿ ಸಿಗೋ ಕೆಮ್ಮು-ಖೋಕಲಾದ ಗೋಳಿ ತಂದು ಆಕಿ ಬಾಯಾಗ ಹಾಕಿದೆ. ನನ್ನ ತಲ್ಯಾಗ ಇನ್ನೂ ಉಪಾಸದ ಕಾನೂನೇ. ದವಡ್ಯಾಗ ಇಟ್ಕೋ, ನುಂಗಬ್ಯಾಡ ಅಂದೆ.

ಮೈದಾನದಾಗ ಸರು ಆಕಿನ ಗಲ್ಲ ಉಬ್ಬಿದ್ದು ನೋಡಿ ಉಗುಳಿಸಿದರು. ಗೋಳಿ ಸುತ್ತಿದ ಕಾಗದ ಎಲ್ಲಿ ಅಂದ್ರ ಬಿಡಿ ಗೋಳಿಗಿ ಕಾಗದ ಎಲ್ಲೀದು. ಸರು ಅಲ್ಲೇ ಆಕಿ ಮುಂದ ಕುಕ್ಕರಗಾಲಿಲೆ ಕುಂತರು. ಇದ್ರಾಗ ಏನದ ಅಂತ ಮಾಡಿದಂವಗೂ ಗೊತ್ತಿರಂಗಿಲ್ಲ, ಯಾರರೆ ಕೇಳಿದ್ರ ಮುಚ್ಚಿಡದೆ ಹೇಳು ಅಂತ ಹುಡುಗಿಗಿ ಅಂದರು.

ಹುಡುಗಿ ಎಲ್ಲಾರಕಿಂತ ಮುಂದ ಬಂದಳು. ಅದೇ ತಪ್ಪಾತು. ಮುಂದ ಬಂದಾಕಿನ್ನೇ ಪರೀಕ್ಷಾಕ್ಕ ಕರೆದರು. ಸಣ್ಣಾಕಿ ಅಂತ ಜೋಡಿಗಿ ನನಗೂ ಒಳಗ ಬಿಟ್ಟರು. ಉಚ್ಚಿ ಬರಲಿ ಅಂತ ತಪಾಸ ಮಾಡೋ ಹೆಣ್ಮಗಳು ಸೀಲಿನ ನೀರಿನ ಬಾಟಲಿ ಎರಡು ಕೊಟ್ಟಳು. ನಮ್ಮ ಓಣಿಗಿ ಟ್ಯಾಂಕರು ಬರದೆ ವಾರ ಆಗಿತ್ತು. ಒಂದು ಬಾಟಲಿ ಸೆರಗಿನಾಗ ಕಟ್ಕೊಂಡೆ. ಏನೇನು ತಗೊಂಡೀ ಅಂತ ಕೇಳಿದ್ದಕ್ಕ ಹುಡುಗಿ ಗೋಳಿ ಸಂಗತಿ ಹೇಳಿದಳು.

ಲ್ಯಾಬಿನ ಉತ್ತರ ಬರೋತನ ಮನ್ಯಾಗ ಯಾರಿಗೂ ನಿದ್ದಿ ಇಲ್ಲ. ಪುಣೆ ಗಂಟು ಕಟ್ಟೋ ಸೊಸಿ ಹುಡುಗಿ ಲಂಗ ಗಂಟಿನಾಗ ಇಡೋದು, ಮತ್ತ ತಗಿಯೋದು.

ಒಂದಿನ ಸರು ಸೈಕಲ್ ಬಾಗಿಲಿಗಿ ಒಗದು ಒಳಗ ಬಂದರು.

"ಅಜ್ಜಿ, ಹಾಸ್ಟೆಲ್ ಆತು. ಪೂರಾ ತಪಾಸ ಮಾಡ್ಯಾರ, ಇಕಿ ಹೊಟ್ಟ್ಯಾಗ ಏನಂದ್ರ ಏನೂ ಸಿಗಲಿಲ್ಲಂತ."

"ಅದಕ್ಕ ಲ್ಯಾಬಿನ ತನಕ ಯಾಕ ಹೋದ್ರಿ ಸರ?" ಅಂದೆ. "ನಮ್ಮ ಒಲಿ ನೋಡಿದ್ರ ಅವತ್ತೇ ತಿಳೀತಿತ್ತು."