ಕೂಗಿದವಳಿಗೆ ಹಾಜರಿ

ಬೀಗದ ಕಾರ್ಖಾನೆಯ ಗೇಟಿನ ಪಕ್ಕದ ಕೋಣೆಯಲ್ಲಿ ಕೂತು ದಿನವೂ ಇನ್ನೂರ ಹದಿನಾರು ಜನರ ಹಾಜರಿ ಹಾಕುವವನಿಗೆ ನಾಲ್ಕು ಕೋಳಿಗಳ ಹಾಜರಿ ಯಾವ ಮಹಾ ವಿದ್ಯೆ? ಈ ಧೈರ್ಯದಲ್ಲೇ ನಮ್ಮ ಗುಮಾಸ್ತ ನಾಲ್ಕು ಬಣ್ಣದ, ನಾಲ್ಕು ಜಾತಿಯ ಕೋಳಿಗಳನ್ನು ಮನೆಗೆ ತಂದ. (ಒಂದೇ ಜಾತಿಯವಾದರೆ ಯಾರು ಯಾರೆಂದು ಗುರುತಿಸುವುದು ಹೇಗೆ? ಇಂಥ ದೂರಾಲೋಚನೆ ಅವನಿಗೆ ವರ್ಷಕ್ಕೊಮ್ಮೆ ಬರುತ್ತದೆ. ಆ ವರ್ಷದ್ದು ಇಲ್ಲಿಗೆ ಖರ್ಚಾಯಿತು.)

"ಗೂಡು ಗುಡಿಸೋದು ಯಾರು?" ಎಂದು ಹೆಂಡತಿ ಹೊಲಿಗೆ ಯಂತ್ರದಿಂದ ತಲೆ ಎತ್ತದೆಯೇ ಕೇಳಿದಳು. ಆಕೆ ಮನೆಯಲ್ಲೇ ಬಟ್ಟೆ ಹೊಲಿಯುತ್ತಾಳೆ. ಯಂತ್ರ ಇರುವುದು ಹಿತ್ತಿಲ ಕಿಟಕಿಯ ಪಕ್ಕದಲ್ಲಿ.

"ನಾನೇ ಕಣೇ."

"ಪಾತ್ರೆ ತೊಳೀತೀರಲ್ಲ, ಹಾಗಾ?"

ಇದು ಹಳೆಯ ವ್ಯಾಜ್ಯ. ಅವನು ಪಾತ್ರೆ ತೊಳೆಯುವುದಿಲ್ಲ ಎಂದಲ್ಲ. ಮೂರು ಲೋಟ ತೊಳೆದು, "ಪಾತ್ರೆ ಎಲ್ಲಾ ತೊಳೆದಾಯ್ತು" ಎಂದು ಬೀದಿಯ ಕೊನೆಯ ಮನೆಗೂ ಕೇಳುವಂತೆ ಘೋಷಿಸುತ್ತಾನೆ ಎಂಬುದು ಆಕೆಯ ತಕರಾರು. ಮಿಕ್ಕ ಪಾತ್ರೆಗಳು ತಾವಾಗಿಯೇ ಹೇಗೋ ಶುಚಿಯಾಗುತ್ತವೆ ಎಂದು ಅವನು ಮದುವೆಯಾದ ಲಾಗಾಯ್ತಿನಿಂದ ಪ್ರಾಮಾಣಿಕವಾಗಿ ನಂಬಿದ್ದ.

ಅವನದು ಎರಡನೇ ಪಾಳಿ. ಬೆಳಗೆಲ್ಲ ಹಿತ್ತಿಲಲ್ಲಿ ಮುಕ್ಕಾಲಿ ಹಾಕಿಕೊಂಡು ಕೋಳಿಗಳ ಅಧ್ಯಯನಕ್ಕೆ ಕೂತ. ಕಂದು ಬಣ್ಣದವಳು ಕಾಳು ಹಾಕುವ ಮೊದಲೇ ತಟ್ಟೆಯೊಳಗೆ ನಿಲ್ಲುವವಳು; ಅವಳಿಗೆ 'ಗಡಿಬಿಡಿ' ಎಂದು ಹೆಸರಾಯಿತು. ಚುಕ್ಕೆಯವಳು ಕತ್ತು ಓರೆ ಮಾಡಿ ಅವನ ಚಪ್ಪಲಿ, ಅಂಗಿಯ ಗುಂಡಿ, ಕಾಲಿನ ಮಚ್ಚೆ ಎಲ್ಲವನ್ನೂ ಕುಕ್ಕಿ ಪರೀಕ್ಷಿಸಿದಳು, ಅವಳು 'ಇನ್ಸ್‌ಪೆಕ್ಟರ್'. ಎದೆ ಸೆಟೆಸಿ, ನೆಲಕ್ಕೆ ಉಪಕಾರ ಮಾಡುವವಳಂತೆ ಹೆಜ್ಜೆ ಇಡುವ ಬಿಳಿಯವಳು 'ಮೇಡಂ'. ಕರಿಯವಳು ಮಾತ್ರ ಚಕಾರ ಎತ್ತುತ್ತಿರಲಿಲ್ಲ. ಅವಳು 'ಮೌನಿ'.

ಮೂರನೇ ದಿನ ಅವನು ಒಳಗೋಡಿ ಬಂದ. "ಲೇ, ಮೌನಿ ಹೋದ್ಲು ಕಣೇ. ಮಣ್ಣಲ್ಲಿ ಅಡ್ಡ ಬಿದ್ದಿದ್ದಾಳೆ. ಕಾಲು ನೀಡಿದ್ದಾಳೆ, ಕಣ್ಣು ಮೇಲಕ್ಕೆ ಹೋಗಿದೆ."

ಹೆಂಡತಿ ಕಿಟಕಿಯಿಂದ ಇಣುಕಿದಳು. ಮೌನಿ ರೆಕ್ಕೆ ಬಡಿದು ಮೈತುಂಬ ಧೂಳೆರಚಿಕೊಂಡಳು.

"ಸ್ನಾನ ಮಾಡ್ತಿದ್ದಾಳೆ ರೀ. ಕೋಳಿಗೆ ಧೂಳೇ ನೀರು. ನೀವು ಎದುರಿಗೇ ಮುಕ್ಕಾಲಿ ಹಾಕ್ಕೊಂಡು ಕೂತ್ರೆ ಪಾಪ ಎಲ್ಲಿಗೆ ಹೋಗ್ತಾಳೆ?"

ಅಂದಿನಿಂದ ಮೌನಿ ಸ್ನಾನಕ್ಕಿಳಿದರೆ ಅವನು ಮುಕ್ಕಾಲಿಯನ್ನು ಆ ಕಡೆ ತಿರುಗಿಸಿಕೊಳ್ಳುತ್ತಿದ್ದ.

ನಿಜವಾದ ಪೇಚಿಗೆ ಬೀಜ ಬಿದ್ದದ್ದು ಕೋಳಿ ಫಾರಂನಲ್ಲೇ. "ಮೂರು ವಾರದಲ್ಲಿ ಯಾವುದು ಮೊಟ್ಟೆ ಇಡಲ್ವೋ ಅದನ್ನ ವಾಪಸ್ ಕೊಡಿ, ಬೇರೆ ಕೊಡ್ತೀನಿ" ಎಂದಿದ್ದರು ಫಾರಂನವರು. ಜೊತೆಗೆ ಹೋಗಿದ್ದ ಹೆಂಡತಿ, "ವಾಪಸ್ ಬಂದಿದ್ದನ್ನ ಏನ್ಮಾಡ್ತೀರಿ?" ಎಂದು ಕೇಳಿದ್ದಳು. "ಊಟಕ್ಕಾಗುತ್ತಲ್ಲ ಅಕ್ಕ" ಎಂದು ಅವರು ನಕ್ಕಿದ್ದರು. ಆಕೆ ನಕ್ಕಿರಲಿಲ್ಲ.

ಸಿಗುತ್ತಿದ್ದದ್ದು ದಿನಕ್ಕೆ ಮೂರು ಮೊಟ್ಟೆ. ಕೋಳಿ ನಾಲ್ಕು. ಹಾಗಾದರೆ ಕೆಲಸಗಳ್ಳಿ ಯಾರು? ಗುಮಾಸ್ತನೊಳಗಿನ ಗುಮಾಸ್ತ ಎದ್ದು ಕೂತ. ಉದ್ದನೆಯ ಪುಸ್ತಕ ಬಂತು. ಹೆಸರು, ಸಮಯ, ಧ್ವನಿ, ಷರಾ ಎಂದು ಗೆರೆ ಎಳೆದದ್ದಾಯಿತು. ನಿಯಮ ಕಾರ್ಖಾನೆಯದೇ: ಎದುರಿಗೆ ನಿಂತು 'ಬಂದೆ' ಎಂದವನಿಗೆ ಹಾಜರಿ. ಮೊಟ್ಟೆ ಪೆಟ್ಟಿಗೆಯಿಂದ ಕೂಗು ಕೇಳಿದೊಡನೆ ಅವನು ಓಡುತ್ತಿದ್ದ. ಅಲ್ಲಿ ಮೊಟ್ಟೆಯಿದ್ದು ಪಕ್ಕದಲ್ಲಿ ಯಾರು ಕೂಗುತ್ತಿದ್ದಾಳೋ ಅವಳ ಹೆಸರಿಗೆ ಗುರುತು. ಗಡಿಬಿಡಿ ಕೂಗಿದಳು. ಇನ್ಸ್‌ಪೆಕ್ಟರ್ ಕೂಗಿದಳು. ಮೇಡಂ ಅಂತೂ ಹಿತ್ತಿಲೇ ಅದುರುವಂತೆ, ಕೆಲವೊಮ್ಮೆ ದಿನಕ್ಕೆರಡು ಸಲ ಕೂಗಿದಳು. (ಷರಾ: 'ಅತ್ಯುತ್ಸಾಹಿ. ಇತರರಿಗೆ ಮಾದರಿ.') ಮೌನಿಯ ಹೆಸರಿನ ಮುಂದೆ ಸಾಲಾಗಿ ಗೈರು.

"ರೀ, ಮೌನಿ ಪೆಟ್ಟಿಗೆ ಒಳಗೆ ಹೋಗೋದನ್ನ ನಾನೇ ಕಿಟಕಿಯಿಂದ ನೋಡಿದ್ದೀನಿ."

"ಹೋದರೆ ಸಾಕಾ? ನಮ್ಮಲ್ಲೂ ಎಷ್ಟು ಜನ ಒಳಗೆ ಹೋಗ್ತಾರೆ."

"ಅವಳು ಹೊರಗೆ ಬಂದ ಮೇಲೇನೇ ಆ ಬಿಳಿ ಒಳಗೆ ಹೋಗಿ ಕೂಗೋದು ಅನ್ಸುತ್ತೆ."

"ಅನ್ಸಿದ್ದಕ್ಕೆಲ್ಲ ಹಾಜರಿ ಹಾಕೋಕಾಗಲ್ಲ ಕಣೇ. ದಾಖಲೆ ಬೇಕು."

ಮೂರು ವಾರ ತುಂಬಿದ ಭಾನುವಾರ ಬೆಳಿಗ್ಗೆ ಅವನು ಮೌನಿಯನ್ನು ಎತ್ತಿಕೊಂಡ. ಅವಳು ಕೊಸರಾಡಲಿಲ್ಲ. ಬೆಚ್ಚಗೆ ತೋಳಿಗೆ ಒರಗಿ, ಅವನ ಗುಂಡಿಯನ್ನು ಒಮ್ಮೆ ಮೆಲ್ಲಗೆ ಕುಕ್ಕಿದಳು. ಗರಿಯೊಳಗಿನ ಎದೆಬಡಿತ ಅಂಗೈಗೆ ತಾಕಿತು. ಪುಸ್ತಕದಲ್ಲಿ ಇದಕ್ಕೊಂದು ಕಾಲಂ ಇರಲಿಲ್ಲ. ಅವನು ಅವಳನ್ನು ಹುಲ್ಲು ಹಾಸಿದ ಬುಟ್ಟಿಯಲ್ಲಿಟ್ಟು ಮುಚ್ಚಿದ. ಹೆಂಡತಿ ಬೆನ್ನು ತಿರುಗಿಸಿ ಯಂತ್ರ ತುಳಿಯುತ್ತಲೇ ಇದ್ದಳು. ಸೂಜಿಯಲ್ಲಿ ದಾರ ಇರಲಿಲ್ಲ.

ಕೋಳಿ ಒಯ್ಯಲು ಫಾರಂನವರೇ ಹತ್ತು ಗಂಟೆಗೆ ಬಂದರು. ಬುಟ್ಟಿಯ ಮುಚ್ಚಳ ಎತ್ತಿದವರು ಅವನ ಮುಖ ನೋಡಿದರು.

"ಸಾರ್, ಮೊಟ್ಟೆ ಇಡಲ್ಲ ಅಂದಿದ್ದು ಇದನ್ನೇನಾ?"

ಮೌನಿ ಎದ್ದು ನಿಂತಿದ್ದಳು. ಕಾಲ ಕೆಳಗೆ, ಇನ್ನೂ ಬಿಸಿಯಾಗಿ, ಒಂದು ಕಂದು ಮೊಟ್ಟೆ. ಅವಳು ತುಟಿಪಿಟಕ್ಕೆನ್ನಲಿಲ್ಲ. ಅಷ್ಟರಲ್ಲಿ ಹಿತ್ತಿಲ ಆ ಮೂಲೆಯಿಂದ ಮೇಡಂ ಓಡೋಡಿ ಬಂದಳು. ಬುಟ್ಟಿಯ ಅಂಚು ಹತ್ತಿದಳು. ಮೊಟ್ಟೆ ನೋಡಿದಳು. ಎದೆ ಸೆಟೆಸಿ, ಕತ್ತೆತ್ತಿ, "ಕೊಕ್ ಕೊಕ್ ಕೊಕ್ ಕೊಕ್ಕೋಕ್" ಎಂದು ಲೋಕಕ್ಕೆ ಸಾರಿದಳು.

ಯಂತ್ರ ನಿಂತಿತು.

ಫಾರಂನವರು ಮೇಡಂನ ಜುಟ್ಟು ಮುಟ್ಟಿ ನೋಡಿದರು. "ಇದು ಇನ್ನೂ ಎಳೇದು ಸಾರ್. ಜುಟ್ಟೇ ಕೆಂಪಾಗಿಲ್ಲ. ಈ ಜಾತಿ ಇಡೋದು ಬಿಳಿ ಮೊಟ್ಟೆ. ನಿಮಗೆ ಒಂದಾದರೂ ಬಿಳಿದು ಸಿಕ್ಕಿತ್ತಾ?"

ಅವನು ಪುಸ್ತಕ ತಿರುವಿದ. ಸಮಯವಿತ್ತು, ಧ್ವನಿಯಿತ್ತು, ಷರಾ ಇತ್ತು. ಮೊಟ್ಟೆಯ ಬಣ್ಣಕ್ಕೆ ಮಾತ್ರ ಗೆರೆ ಎಳೆದಿರಲಿಲ್ಲ.

"ಅಡುಗೆ ಮನೇಲಿ ಒಡೆದಿದ್ದು ನಾನು" ಎಂದಳು ಹೆಂಡತಿ ಬಾಗಿಲಿಗೆ ಬಂದು. "ಎಲ್ಲಾ ಕಂದೇ."

"ಹಾಗಾದರೆ ಬಿಳಿದನ್ನ ಒಯ್ಯಲಾ ಅಕ್ಕ?"

ಅವನು ಬಾಯಿ ತೆರೆಯುವ ಮೊದಲೇ ಆಕೆ ಮೌನಿಯನ್ನು ಎತ್ತಿ ಸೊಂಟಕ್ಕೇರಿಸಿಕೊಂಡಳು. "ಬೇಡ ಅಣ್ಣ, ಇರಲಿ. ಮಾಡಿದವರೊಬ್ಬರು, ಕೂಗೋರೊಬ್ಬರು. ನನಗೆ ಅಭ್ಯಾಸ ಆಗಿದೆ. ಇವರನ್ನೂ ಎಳೇದು ಅಂತಾನೇ ಇಟ್ಕೊಂಡಿದ್ದೀನಿ."

ಅಂದು ಮಧ್ಯಾಹ್ನ ಅವನು ಯಾರೂ ಹೇಳದೆ ಅಡುಗೆ ಮನೆಗೆ ಹೋದ. ಲೋಟ, ತಟ್ಟೆ, ತಳ ಹಿಡಿದ ಬಾಣಲೆ, ಎಲ್ಲವನ್ನೂ ತೊಳೆದು ಸದ್ದಾಗದಂತೆ ಬೋರಲು ಹಾಕಿದ. ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡ. ಜೀವಮಾನದಲ್ಲಿ ಮೊದಲ ಸಲ ಇಡೀ ಕೆಲಸ ಮಾಡಿ ಸುಮ್ಮನೆ ನಿಂತಿದ್ದ.

ಕಿಟಕಿಯ ಸರಳಿನ ಮೇಲೆ ಮೇಡಂ ಬಂದು ಕೂತಳು. ಹೊಳೆಯುವ ಬಾಣಲೆಯನ್ನು ನೋಡಿದಳು. ಕತ್ತೆತ್ತಿ, ಬೀದಿಯ ಕೊನೆಯ ಮನೆಗೂ ಕೇಳುವಂತೆ ಕೂಗಿದಳು.

"ಗೊತ್ತಾಯ್ತು ರೀ" ಎಂದಳು ಹೆಂಡತಿ ಒಳಗಿನಿಂದ. "ಮೂರೇ ಲೋಟ ತಾನೆ?"